ವಿಲ್ಸನ್ ಸಹಿ ಹಾಕಿದ ತೆರಿಗೆ, ಊರಿನಲ್ಲಿರುವ ನಮ್ಮ ಠೇವಣಿ

ಅಮೆರಿಕಕ್ಕೆ ಹೊಸದಾಗಿ ಬಂದ ಕನ್ನಡಿಗರಿಗೆ ಸೋಷಿಯಲ್ ಸೆಕ್ಯುರಿಟಿ ನಂಬರು, ಡ್ರೈವಿಂಗ್ ಲೈಸೆನ್ಸು, ಕ್ರೆಡಿಟ್ ಸ್ಕೋರುಗಳ ಬಗ್ಗೆ ಹೇಳಿಕೊಡುವವರು ಎಲ್ಲ ಕಡೆಯೂ ಸಿಗುತ್ತಾರೆ. ಅವನ್ನು ಇಲ್ಲಿ ಬಿಟ್ಟಿದ್ದೇನೆ. ಬೆಂಗಳೂರಿನ ಬ್ಯಾಂಕಿನಲ್ಲಿರುವ ಠೇವಣಿಯ ಬಡ್ಡಿಗೂ ಇಲ್ಲಿ ತೆರಿಗೆ ಲೆಕ್ಕ ಕೊಡಬೇಕೆಂಬುದನ್ನು ಸಕಾಲದಲ್ಲಿ ಹೇಳುವವರು ಮಾತ್ರ ಕಡಿಮೆ. ಈ ನಿಯಮದ ಬೇರು 1913ರಲ್ಲಿ, ಅಧ್ಯಕ್ಷ ವುಡ್ರೋ ವಿಲ್ಸನ್ ಅವರ ಮೊದಲ ವರ್ಷದ ಸುಧಾರಣೆಗಳಲ್ಲಿದೆ.

ವಿಲ್ಸನ್ 1856ರಲ್ಲಿ ವರ್ಜೀನಿಯಾದ ಸ್ಟಾಂಟನ್‌ನಲ್ಲಿ, ಪ್ರೆಸ್ಬಿಟೇರಿಯನ್ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದರು. ಅಮೆರಿಕದ ಅಧ್ಯಕ್ಷರಲ್ಲಿ ಪಿಎಚ್‌.ಡಿ. ಪಡೆದವರು ಅವರೊಬ್ಬರೇ. ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಮುಖ್ಯಸ್ಥರಾಗಿದ್ದು, ಆಮೇಲೆ ನ್ಯೂ ಜೆರ್ಸಿಯ ಗವರ್ನರ್ ಆದರು. 1912ರ ಚುನಾವಣೆಯಲ್ಲಿ ಆಗಿನ ಅಧ್ಯಕ್ಷ ಟಾಫ್ಟ್ ಮತ್ತು ಮಾಜಿ ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಪರಸ್ಪರ ವಿರುದ್ಧ ನಿಂತು ರಿಪಬ್ಲಿಕನ್ ಮತಗಳನ್ನು ಒಡೆದಿದ್ದರಿಂದ, ಶೇಕಡಾ 42ರಷ್ಟು ಮತ ಪಡೆದೇ ವಿಲ್ಸನ್ ಗೆದ್ದರು.

ಆಗ ಒಕ್ಕೂಟ ಸರ್ಕಾರದ ಆದಾಯದ ದೊಡ್ಡ ಪಾಲು ಆಮದು ಸುಂಕದಿಂದ ಬರುತ್ತಿತ್ತು. ಸುಂಕ ಹೆಚ್ಚಿದ್ದಷ್ಟೂ ದೊಡ್ಡ ಕಾರ್ಖಾನೆಗಳಿಗೆ ರಕ್ಷಣೆ ಸಿಗುತ್ತಿತ್ತು, ಸಾಮಾನ್ಯರು ಕೊಳ್ಳುವ ವಸ್ತುಗಳ ಬೆಲೆ ಏರುತ್ತಿತ್ತು. ಸುಂಕ ಇಳಿಸಬೇಕೆಂದು ಒತ್ತಾಯಿಸಲು ವಿಲ್ಸನ್ 1913ರ ಏಪ್ರಿಲ್ 8ರಂದು ತಾವೇ ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮುಂದೆ ನಿಂತು ಮಾತನಾಡಿದರು. ಜಾನ್ ಆಡಮ್ಸ್ ನಂತರ ನೂರಕ್ಕೂ ಹೆಚ್ಚು ವರ್ಷಗಳ ಕಾಲ ಯಾವ ಅಧ್ಯಕ್ಷರೂ ಹಾಗೆ ಮಾಡಿರಲಿಲ್ಲ. ಸುಂಕ ಇಳಿಸಿದರೆ ಬೊಕ್ಕಸಕ್ಕೆ ಬೀಳುವ ಕೊರತೆಯನ್ನು ತುಂಬಲು ಅದೇ ಕಾಯ್ದೆಯಲ್ಲಿ ಆದಾಯ ತೆರಿಗೆಯನ್ನು ಸೇರಿಸಲಾಯಿತು. 1895ರಲ್ಲಿ ಸುಪ್ರೀಂ ಕೋರ್ಟು ಇಂಥದೇ ತೆರಿಗೆಯನ್ನು ರದ್ದು ಮಾಡಿತ್ತು. ವಿಲ್ಸನ್ ಅಧಿಕಾರಕ್ಕೆ ಬರುವ ತಿಂಗಳ ಮೊದಲು ಊರ್ಜಿತವಾದ ಸಂವಿಧಾನದ 16ನೇ ತಿದ್ದುಪಡಿ ಆ ಅಡ್ಡಿಯನ್ನು ನಿವಾರಿಸಿತ್ತು. ಅಕ್ಟೋಬರ್ 3ರಂದು ವಿಲ್ಸನ್ ಸಹಿ ಹಾಕಿದರು. ಮೂಲ ದರ ಶೇಕಡಾ 1, ಅತಿ ಶ್ರೀಮಂತರಿಗೆ ಶೇಕಡಾ 7. ಒಂಟಿ ವ್ಯಕ್ತಿಗೆ 3,000 ಡಾಲರ್, ದಂಪತಿಗೆ 4,000 ಡಾಲರ್ ವಿನಾಯಿತಿ. ಇಂದು ನಾವು ತುಂಬುವ ತೆರಿಗೆ ರಿಟರ್ನ್, ಫಾರಂ 1040, ಬಂದದ್ದು ಆ ಕಾಯ್ದೆಯ ಬೆನ್ನಲ್ಲೇ.

ಅದೇ ಡಿಸೆಂಬರಿನಲ್ಲಿ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್, 1914ರಲ್ಲಿ ಏಕಸ್ವಾಮ್ಯವನ್ನು ತಡೆಯುವ ಫೆಡರಲ್ ಟ್ರೇಡ್ ಕಮಿಷನ್, 1916ರಲ್ಲಿ ರೈಲ್ವೆ ಕಾರ್ಮಿಕರಿಗೆ ಎಂಟು ಗಂಟೆಯ ದುಡಿಮೆಯ ದಿನ ಬಂದವು. ಅದೇ ವರ್ಷದ ಬಾಲಕಾರ್ಮಿಕ ಕಾಯ್ದೆಯನ್ನು ಮಾತ್ರ ಸುಪ್ರೀಂ ಕೋರ್ಟು 1918ರಲ್ಲಿ ತಳ್ಳಿಹಾಕಿತು. ಇಷ್ಟನ್ನು ಮೆಚ್ಚುವಾಗಲೂ ಒಂದು ಮಾತನ್ನು ಮುಚ್ಚಿಡಬಾರದು: ಕೇಂದ್ರ ಸರ್ಕಾರದ ಕಚೇರಿಗಳಲ್ಲಿ ಕಪ್ಪು ನೌಕರರನ್ನು ಬೇರ್ಪಡಿಸಿ ಕೂರಿಸುವ ಪದ್ಧತಿ ವಿಲ್ಸನ್ ಆಡಳಿತದಲ್ಲಿ ಹರಡಿತು, ಅದನ್ನು ಅವರು ಸಮರ್ಥಿಸಿಕೊಂಡರು. ಅದು ಕ್ಷಮಿಸಲಾಗದ ತಪ್ಪು.

ಈಗ ನಮ್ಮ ವಿಷಯ. 1913ರ ಕಾಯ್ದೆ ಇಲ್ಲಿನ ಪೌರರಿಗೆ, ಅವರು ಯಾವ ದೇಶದಲ್ಲಿದ್ದರೂ, ತೆರಿಗೆ ವಿಧಿಸಿತು. ಪೌರರಲ್ಲದಿದ್ದರೂ ಇಲ್ಲಿ ವಾಸಿಸುವ ಪ್ರತಿಯೊಬ್ಬರಿಗೂ ವಿಧಿಸಿತು. ಆದಾಯ ಯಾವ ಮೂಲದಿಂದ ಬಂದರೂ ಲೆಕ್ಕಕ್ಕೆ ಸೇರುತ್ತಿತ್ತು, ಕ್ಯಾಲೆಂಡರ್ ವರ್ಷವೇ ಅದರ ಅಳತೆಯಾಗಿತ್ತು. ದರಗಳು ಎಷ್ಟೋ ಬಾರಿ ಬದಲಾಗಿವೆ, ಈ ಮೂಲ ವಿನ್ಯಾಸ ಬದಲಾಗಿಲ್ಲ. ಎಚ್‌-1ಬಿ ಎಂಬ ಕೆಲಸದ ವೀಸಾದಲ್ಲಿ ಬಂದು ವರ್ಷದ ಹೆಚ್ಚಿನ ಭಾಗ ಇಲ್ಲಿ ಕಳೆದವರು ತೆರಿಗೆಯ ಮಟ್ಟಿಗೆ ನಿವಾಸಿಗಳೇ. ವಿದ್ಯಾರ್ಥಿ ವೀಸಾದವರಿಗೆ ಸಾಮಾನ್ಯವಾಗಿ ಮೊದಲ ಐದು ಕ್ಯಾಲೆಂಡರ್ ವರ್ಷ ಇದು ತಟ್ಟುವುದಿಲ್ಲ. ಓದು ಮುಗಿಸಿ ಕೆಲಸದ ವೀಸಾಕ್ಕೆ ಬದಲಾದ ಮೇಲೆ ತಟ್ಟುತ್ತದೆ, ಎಡವುವುದೂ ಅಲ್ಲೇ.

ನಾನು ಮತ್ತೆ ಮತ್ತೆ ಕಂಡಿರುವ ತಪ್ಪು ಎನ್‌ಆರ್‌ಇ ಠೇವಣಿಯದು, ಎಂದರೆ ಹೊರದೇಶದ ಗಳಿಕೆಯನ್ನು ಭಾರತದಲ್ಲಿಡುವ ಅನಿವಾಸಿ ಖಾತೆಯದು. ಅದರ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ ಎಂದು ಬ್ಯಾಂಕಿನವರು ಹೇಳುವುದು ನಿಜ. ಆ ಮಾತನ್ನು ಕೇಳಿದವರು ಎಲ್ಲಿಯೂ ತೆರಿಗೆಯಿಲ್ಲವೆಂದು ತಿಳಿಯುತ್ತಾರೆ. ಇಲ್ಲಿ ಅದು ಪೂರ್ತಿ ತೆರಿಗೆಗೆ ಒಳಪಟ್ಟ ಆದಾಯ, ಮತ್ತು ಭಾರತದಲ್ಲಿ ಏನೂ ಕಟ್ಟದ ಕಾರಣ ಇಲ್ಲಿನ ತೆರಿಗೆಯಿಂದ ಕಳೆಯಲು ಯಾವ ಕ್ರೆಡಿಟ್ಟೂ (ಅಲ್ಲಿ ಕಟ್ಟಿದ ತೆರಿಗೆಗೆ ಇಲ್ಲಿ ಸಿಗುವ ಕಡಿತ) ಇರುವುದಿಲ್ಲ. ಭಾರತದಲ್ಲಿನ ಗಳಿಕೆಯನ್ನಿಡುವ ಎನ್‌ಆರ್‌ಒ ಖಾತೆಯ ಬಡ್ಡಿಯಲ್ಲಿ ಟಿಡಿಎಸ್ ಕಡಿತವಾಗಿದ್ದರೆ ಫಾರಂ 1116ರ ಮೂಲಕ, ಮಿತಿಗೊಳಪಟ್ಟು, ಕ್ರೆಡಿಟ್ ಪಡೆಯಬಹುದು. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ ಏಪ್ರಿಲ್‌ನಿಂದ ಮಾರ್ಚ್‌ವರೆಗಿನದು. ಅದನ್ನು ಹಾಗೆಯೇ ನಕಲು ಮಾಡದೆ ಜನವರಿಯಿಂದ ಡಿಸೆಂಬರಿನ ಲೆಕ್ಕವನ್ನು ಪಾಸ್‌ಬುಕ್ ನೋಡಿ ತೆಗೆಯಿರಿ.

ಇದಕ್ಕಿಂತ ಹೆಚ್ಚು ನಷ್ಟ ಮಾಡುವುದು ಹೊರದೇಶದ ಖಾತೆಗಳನ್ನು ತಿಳಿಸುವ ಎಫ್‌ಬಾರ್ ಎಂಬ ವರದಿಯನ್ನು ಬಿಡುವುದು. ಇದು ವಿಲ್ಸನ್ ಕಾಲದ್ದಲ್ಲ, 1970ರ ಬ್ಯಾಂಕ್ ಸೀಕ್ರೆಸಿ ಕಾಯ್ದೆಯದು. ಹೊರದೇಶದ ನಿಮ್ಮ ಎಲ್ಲ ಖಾತೆಗಳ ಗರಿಷ್ಠ ಮೊತ್ತಗಳನ್ನು ಕೂಡಿದಾಗ ವರ್ಷದ ಯಾವುದೇ ಹೊತ್ತಿನಲ್ಲಿ 10,000 ಡಾಲರ್ ಮೀರಿದ್ದರೆ, ಪ್ರತಿ ಖಾತೆಯನ್ನೂ ಪ್ರತ್ಯೇಕವಾಗಿ ಆನ್‌ಲೈನ್ ಸಲ್ಲಿಸುವ ಈ ವರದಿಯಲ್ಲಿ ತೋರಿಸಬೇಕು. ತೆರಿಗೆ ರಿಟರ್ನ್ ಜೊತೆ ಇದು ತಾನಾಗಿ ಹೋಗುವುದಿಲ್ಲ. ಶಿವಮೊಗ್ಗದ ಕಡೆಯ ಪರಿಚಿತ ಯುವಕನೊಬ್ಬನ ತಂದೆ ನಿವೃತ್ತಿಯ ಹಣವನ್ನು ಮಗನ ಹೆಸರನ್ನೂ ಸೇರಿಸಿ ಜಂಟಿ ಖಾತೆಯಲ್ಲಿಟ್ಟಿದ್ದರು. ಹಣ ಅಪ್ಪನದು, ತನಗೇನು ಸಂಬಂಧ ಎಂದುಕೊಂಡು ಅವನು ವರ್ಷಗಟ್ಟಲೆ ವರದಿ ಕೊಡಲಿಲ್ಲ. ಜಂಟಿ ಹೆಸರಿದ್ದರೆ ಸಾಕು, ಖಾತೆಯ ಪೂರ್ತಿ ಮೊತ್ತ ನಿಮ್ಮ ವರದಿಗೆ ಸೇರುತ್ತದೆ. ಕಡೆಗೆ ಹಳೆಯ ವರ್ಷಗಳನ್ನೆಲ್ಲ ಸರಿಪಡಿಸಲು ಅವನು ಸಿಪಿಎಗೆ (ಇಲ್ಲಿನ ಲೆಕ್ಕಪರಿಶೋಧಕರಿಗೆ) ಕೊಟ್ಟ ಶುಲ್ಕ ಭಾರಿಯಾಗಿತ್ತು. ವರದಿ ಸಲ್ಲಿಸುವುದಕ್ಕೆ ಕಾಸು ಖರ್ಚಿಲ್ಲ. ಬಿಟ್ಟರೆ, ಉದ್ದೇಶಪೂರ್ವಕವಲ್ಲದಿದ್ದರೂ, ಒಂದು ವರ್ಷದ ವರದಿಗೆ 10,000 ಡಾಲರಿಗೂ ಮೀರಿ ದಂಡ ಬೀಳಬಹುದು.

ಭಾರತದ ಮ್ಯೂಚುಯಲ್ ಫಂಡ್‌ಗಳ ವಿಷಯದಲ್ಲಿ ನನ್ನ ಸಲಹೆ ಕಟುವಾಗಿದೆ: ಇಲ್ಲಿ ನಿವಾಸಿಯಾಗಿರುವಷ್ಟು ಕಾಲ ಹೊಸದನ್ನು ಕೊಳ್ಳಬೇಡಿ, ತಿಂಗಳ ಕಂತಿನಲ್ಲಿ ನಡೆಯುತ್ತಿರುವ ಎಸ್‌ಐಪಿ ನಿಲ್ಲಿಸಿ. ಅವಕ್ಕೆ ಫಾರಂ 8621ರ ಅಡಿಯಲ್ಲಿ ಅನ್ವಯಿಸುವ ಲೆಕ್ಕಾಚಾರ ಎಷ್ಟು ಕಠಿಣವೆಂದರೆ ಲಾಭದ ಬಹುಪಾಲು ತೆರಿಗೆ, ಅದರ ಮೇಲಿನ ಬಡ್ಡಿ ಮತ್ತು ಸಿಪಿಎ ಶುಲ್ಕಕ್ಕೇ ಹೋಗಬಹುದು.

ಈ ವಿಷಯದಲ್ಲಿ ಭಾರತದ ಪದ್ಧತಿಯೇ ಹೆಚ್ಚು ಮಾನವೀಯವೆಂದು ನಾನು ನಂಬಿದ್ದೇನೆ. ಬಹುಕಾಲ ಹೊರಗಿದ್ದು ಮರಳಿದವರಿಗೆ ಭಾರತ ಕೆಲವು ವರ್ಷ ಹೊರದೇಶದ ಆದಾಯಕ್ಕೆ ತೆರಿಗೆ ಹಾಕದೆ ಉಸಿರಾಡಲು ಬಿಡುತ್ತದೆ. ಅಮೆರಿಕ ಕೆಲಸಕ್ಕೆ ಬಂದ ಹೊಸಬರಿಗೆ ಅಂಥ ಅವಧಿಯನ್ನೇ ಕೊಡುವುದಿಲ್ಲ. ಆದರೆ ತಪ್ಪನ್ನು ತಾವಾಗಿ ಸರಿಪಡಿಸಿಕೊಳ್ಳಲು ಬಂದವರಿಗೆ ಇಲ್ಲಿರುವ ದಾರಿಗಳು ಸ್ಪಷ್ಟವಾಗಿವೆ, ಅದನ್ನು ಮೆಚ್ಚಲೇಬೇಕು. ಆದಾಯವನ್ನೆಲ್ಲ ತೋರಿಸಿ ಎಫ್‌ಬಾರ್ ಮಾತ್ರ ಬಿಟ್ಟುಹೋಗಿದ್ದರೆ, ಇಲಾಖೆಯಿಂದ ಪತ್ರ ಬರುವ ಮೊದಲೇ ಕಾರಣ ಬರೆದು ಸಲ್ಲಿಸಿದವರಿಗೆ ಸಾಮಾನ್ಯವಾಗಿ ದಂಡವಿಲ್ಲ. ತಿಳಿಯದೆ ಬಡ್ಡಿಯನ್ನೂ ತೋರಿಸದಿದ್ದವರು ಸ್ಟ್ರೀಮ್‌ಲೈನ್ಡ್ ಎಂಬ ಸರಳ ವಿಧಾನದಲ್ಲಿ ಮೂರು ವರ್ಷದ ತಿದ್ದುಪಡಿ ರಿಟರ್ನ್, ಆರು ವರ್ಷದ ಎಫ್‌ಬಾರ್ ಕೊಟ್ಟು ಹೊರದೇಶದ ಆ ಖಾತೆಗಳ ಮೊತ್ತದ ಮೇಲೆ ಶೇಕಡಾ 5ರ ದಂಡದೊಂದಿಗೆ ಮುಗಿಸಿಕೊಳ್ಳಬಹುದು. ಸ್ನೇಹಿತರ ಮಾತು ಕೇಳಿ ಹಳೆಯದನ್ನು ಮುಚ್ಚಿಟ್ಟು ಈ ವರ್ಷದಿಂದ ಮಾತ್ರ ಸರಿಯಾಗಿ ತೋರಿಸಲು ಹೊರಡಬೇಡಿ: ಭಾರತದ ಬ್ಯಾಂಕುಗಳು 2015ರ ಒಪ್ಪಂದದ ಪ್ರಕಾರ ಅಮೆರಿಕದ ನಿವಾಸಿಗಳ ಖಾತೆಗಳ ಮಾಹಿತಿಯನ್ನು ತಮ್ಮ ಸರ್ಕಾರಕ್ಕೆ ಕೊಡುತ್ತಿವೆ, ಅಲ್ಲಿಂದ ಅದು ಇಲ್ಲಿನ ತೆರಿಗೆ ಇಲಾಖೆಗೆ ತಲುಪುತ್ತದೆ.