ಮೀಟರಿನಲ್ಲಿ 12 ವೋಲ್ಟ್ ಇತ್ತು, ಬ್ಲೋವರ್ ಮಾತ್ರ ತಿರುಗುತ್ತಿರಲಿಲ್ಲ

ಬಳ್ಳಾರಿಯಲ್ಲಿ ಕಾರಿಗೆ ಹೀಟರ್ ಯಾಕೆ ಬೇಕು ಅಂತ ಕೇಳುವವರಿದ್ದಾರೆ. ಆದರೆ ಹೀಟರಿಗೂ ಎಸಿಗೂ ಗಾಳಿ ಊದುವುದು ಒಂದೇ ಬ್ಲೋವರ್. ಅದು ನಿಂತರೆ ಮೇ ತಿಂಗಳ ಬಿಸಿಲಲ್ಲಿ ಎಸಿ ಇದ್ದೂ ಇಲ್ಲದ ಹಾಗೆ. ಮಳೆ ಬಂದಾಗ ಮುಂದಿನ ಗಾಜಿಗೆ ಹಿಡಿದ ಮಂಜು ಹೋಗುವುದಿಲ್ಲ. ಇಂಜಿನ್ ಕಾವೇರಿದಾಗ ಹೀಟರನ್ನು ಪೂರ್ತಿ ಬಿಸಿಗಿಟ್ಟು ಫ್ಯಾನ್ ಜೋರು ಮಾಡಿದರೆ ಒಂದಿಷ್ಟು ಶಾಖ ಹೊರಬರುತ್ತದೆ. ಆ ದಾರಿಯೂ ಮುಚ್ಚಿಹೋಗುತ್ತದೆ.

ನಮ್ಮ ಭಾವ ದಿನಾ ಬಳ್ಳಾರಿಯಿಂದ ಕುಡಿತಿನಿ ಮೇಲೆ ತೋರಣಗಲ್ಲಿಗೆ ಕೆಲಸಕ್ಕೆ ಹೋಗುತ್ತಾರೆ. ಅದಿರು ಲಾರಿಗಳ ಧೂಳು ಆ ರಸ್ತೆಯಲ್ಲಿ ಓಡಾಡುವವರಿಗೆಲ್ಲ ಗೊತ್ತು. ಕಾರು ಹಳೇ ಹ್ಯಾಚ್‌ಬ್ಯಾಕ್. ಫ್ಯಾನಿಗೆ ನಾಲ್ಕು ಸ್ಪೀಡ್. ಮೊದಲು ಒಂದು, ಎರಡು, ಮೂರು ಒಟ್ಟಿಗೇ ಹೋದವು. ನಾಲ್ಕು ಮಾತ್ರ ಉಳಿಯಿತು. "ಗಾಳಿ ಬರ್ತೈತಲ್ಲ, ಬಿಡಪ್ಪಾ" ಅಂತ ಭಾವ ಹಾಗೇ ಓಡಿಸಿದರು. ಬೇಸಿಗೆ ಜೋರಾದಾಗ ಅದೂ ನಿಂತಿತು. ಒಬ್ಬ ಎಲೆಕ್ಟ್ರಿಷಿಯನ್ ಮೋಟರಿನ ಕಪ್ಲರ್, ಅಂದರೆ ವೈರ್ ಜೋಡಿಸುವ ಪ್ಲಗ್, ಬಿಚ್ಚಿ ಮೀಟರ್ ಹಿಡಿದು ನೋಡಿ, "ಇಲ್ಲೀತನಕ 12 ವೋಲ್ಟ್ ಬರ್ತಾ ಐತೆ ಸರ್, ಮೋಟರೇ ಹೋಗೈತೆ" ಅಂದರಂತೆ. ಹೊಸ ಮೋಟರಿಗೆ ದುಡ್ಡು ಕೊಡುವ ಮೊದಲು ಒಮ್ಮೆ ನಾನು ನೋಡುತ್ತೇನೆ ಅಂದೆ. ವೈರಿಂಗ್ ಕೆಲಸ ನನಗೆ ರೂಢಿ ಇದೆ.

ಮೊದಲು ಫ್ಯೂಸ್. ಆ ಕಾರಿನಲ್ಲಿ ಬ್ಲೋವರಿಗೆ 30 ಆಂಪಿಯರ್ ಫ್ಯೂಸ್ ಇದೆ, ಅದು ಚೆನ್ನಾಗಿತ್ತು. ಫ್ಯೂಸ್ ಸುಟ್ಟಿದ್ದರೆ ಅಷ್ಟೇ ಆಂಪಿಯರಿನದ್ದೇ ಹಾಕಬೇಕು. ದೊಡ್ಡದು ಹಾಕಿದರೆ, ಇಲ್ಲವೇ ತಂತಿ ಸುತ್ತಿದರೆ, ಮುಂದೆ ಸುಡುವುದು ಡ್ಯಾಶ್‌ಬೋರ್ಡ್ ಒಳಗಿನ ವೈರು. ಬ್ಲೋವರಿಗೆ ಕರೆಂಟ್ ಬಿಡುವ ಸ್ವಿಚ್ಚಾದ ರಿಲೇಯನ್ನು ಪಕ್ಕದಲ್ಲಿದ್ದ ಅದೇ ನಂಬರಿನ ರಿಲೇ ಜೊತೆ ಅದಲುಬದಲು ಮಾಡಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಗ್ಲೌ ಬಾಕ್ಸ್ ಬಿಚ್ಚಿದೆ. ಬ್ಲೋವರ್ ಮೋಟರ್ ಅದರ ಹಿಂದೆ, ಎಡಗಡೆ ಕೂರುವವರ ಕಾಲಿನ ಹತ್ತಿರ ಇರುತ್ತದೆ. ಏರ್‌ಬ್ಯಾಗ್ ಇರುವ ಕಾರಾದರೆ ಅಲ್ಲಿ ಕಾಣುವ ಹಳದಿ ಕಪ್ಲರಿಗೆ ಕೈ ಹಾಕಬೇಡಿ. ನಾನು ಮೋಟರಿನ ಎರಡು ಪಿನ್ನಿನ ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಫ್ಯಾನನ್ನು ನಾಲ್ಕಕ್ಕಿಟ್ಟು ಮೀಟರ್ ಹಿಡಿದೆ. ನಿಜ, 12 ವೋಲ್ಟ್ ತೋರಿಸಿತು. ಅದೇ ಎರಡು ಪಿನ್ನಿಗೆ ಇಂಡಿಕೇಟರಿನ 21 ವ್ಯಾಟ್ ಬಲ್ಬ್ ಕೊಟ್ಟೆ. ಹತ್ತಲೇ ಇಲ್ಲ.

ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಮೀಟರ್ ಓಡುವುದಕ್ಕೆ ಕರೆಂಟ್ ಬೇಕೇ ಇಲ್ಲ ಅನ್ನುವಷ್ಟು ಕಡಿಮೆ ಸಾಕು. ಪಿನ್ ಸುಟ್ಟು ಒಂದು ಎಳೆಯಷ್ಟು ತಾಗಿಕೊಂಡಿದ್ದರೂ ಅದು ಪೂರ್ತಿ ವೋಲ್ಟ್ ತೋರಿಸುತ್ತದೆ. 21 ವ್ಯಾಟಿನ ಬಲ್ಬಿಗೆ ಹತ್ತಿರ ಹತ್ತಿರ 2 ಆಂಪಿಯರ್ ಬೇಕು. ಬ್ಲೋವರ್ ಜೋರಾಗಿ ತಿರುಗುವಾಗ ಅದರ ಎಷ್ಟೋ ಪಟ್ಟು ಎಳೆಯುತ್ತದೆ. ಬಲ್ಬೇ ಹತ್ತದ ಜಾಗದಲ್ಲಿ ಮೋಟರ್ ತಿರುಗುವುದು ಹೇಗೆ? ಲೋಡ್, ಅಂದರೆ ಬಲ್ಬಿನ ಹಾಗೆ ಕರೆಂಟ್ ಎಳೆಯುವ ವಸ್ತು, ಕೊಡದೆ ಮೋಟರ್ ಹೋಗಿದೆ ಅಂತ ಹೇಳಲೇಬಾರದು.

ಈಗ ಬಲ್ಬಿನ ಒಂದು ತುದಿಯನ್ನು ಕಾರಿನ ಲೋಹದ ಮೈಗೆ, ಅಂದರೆ ಅರ್ತ್‌ಗೆ ಕೊಟ್ಟು, ಇನ್ನೊಂದನ್ನು ಪ್ಲಸ್ ಪಿನ್ನಿಗೆ ಮುಟ್ಟಿಸಿದೆ. ಚೆನ್ನಾಗಿ ಹತ್ತಿತು. ಅಲ್ಲಿಗೆ ಪ್ಲಸ್ ಸರಿ ಇದೆ, ಅರ್ತ್ ಸಿಗುತ್ತಿಲ್ಲ ಅಂತಾಯಿತು. ಈ ಕಾರಿನಲ್ಲಿ ಸ್ಪೀಡ್ ಸ್ವಿಚ್ಚೂ, ಕರೆಂಟ್ ತಡೆದು ಫ್ಯಾನಿನ ವೇಗ ಇಳಿಸುವ ರೆಸಿಸ್ಟರೂ ಇರುವುದು ಅರ್ತ್ ಕಡೆಯಲ್ಲೇ. ಎಲ್ಲ ಕಾರಿನಲ್ಲೂ ಹೀಗಿರುವುದಿಲ್ಲ, ನಿಮ್ಮದನ್ನು ನೋಡಿಕೊಳ್ಳಿ. ಕಪ್ಲರ್ ಮತ್ತೆ ಹಾಕಿ, ಮೋಟರಿನ ಮೈನಸ್ ಪಿನ್ನಿನಿಂದ ಕಾರಿನ ಲೋಹದ ಮೈಗೆ ದಪ್ಪ ವೈರ್ ಕೊಟ್ಟ ತಕ್ಷಣ ಬ್ಲೋವರ್ ಗುಂಯ್ ಅಂತ ತಿರುಗಿತು. ಮುಖಕ್ಕೆ ಕೆಂಪು ಧೂಳು ಹೊಡೆಯಿತು. ಮೋಟರಿಗೆ ಏನೂ ಆಗಿರಲಿಲ್ಲ.

ಇನ್ನು ಉಳಿದದ್ದು ರೆಸಿಸ್ಟರ್. ಅದರ ಕಪ್ಲರ್ ಎಳೆದೆ, ಸುಲಭಕ್ಕೆ ಬರಲಿಲ್ಲ. ಬಂದಾಗ ನೋಡಿದರೆ ಬಿಳಿ ಪ್ಲಾಸ್ಟಿಕ್ಕಿನ ಒಂದು ಮೂಲೆ ಕಂದು ಬಣ್ಣಕ್ಕೆ ತಿರುಗಿ ಕರಗಿತ್ತು. ಆ ಪಿನ್ ಕಪ್ಪಗಾಗಿ ಸಡಿಲವಾಗಿತ್ತು. ಪಕ್ಕದ ಪಿನ್ನುಗಳು ಹೊಸದರ ಹಾಗೆ ಹೊಳೆಯುತ್ತಿದ್ದವು.

ಇದೆಲ್ಲ ಎಲ್ಲಿಂದ ಶುರುವಾಯಿತು ಅಂತ, ಕಾರಿನೊಳಗೆ ಬರುವ ಗಾಳಿಯ ಧೂಳು ಸೋಸುವ ಕ್ಯಾಬಿನ್ ಫಿಲ್ಟರ್ ತೆಗೆದಾಗ ಗೊತ್ತಾಯಿತು. ಮಡಿಕೆಗಳ ತುಂಬ ಅದಿರಿನ ಪುಡಿ, ನಡುವೆ ಬೇವಿನ ಎಲೆ. ರೆಸಿಸ್ಟರನ್ನು ಗಾಳಿ ಹೋಗುವ ದಾರಿಯಲ್ಲೇ ಕೂರಿಸಿರುತ್ತಾರೆ, ಬ್ಲೋವರಿನ ಗಾಳಿಯೇ ಅದನ್ನು ತಣ್ಣಗಿಡಬೇಕು. ಫಿಲ್ಟರ್ ಕಟ್ಟಿಕೊಂಡರೆ ಗಾಳಿ ಇಲ್ಲ. ರೆಸಿಸ್ಟರ್ ಕಾದು ಅದರೊಳಗಿನ ಥರ್ಮಲ್ ಫ್ಯೂಸ್ ಹೋಗುತ್ತದೆ. ಕೆಳಗಿನ ಮೂರು ಸ್ಪೀಡೂ ಆ ಫ್ಯೂಸ್ ಮೂಲಕವೇ ಹಾಯುವುದರಿಂದ ಮೂರೂ ಒಟ್ಟಿಗೆ ಸಾಯುತ್ತವೆ. ನಾಲ್ಕನೆಯದು ರೆಸಿಸ್ಟರನ್ನು ಬಿಟ್ಟು ನೇರ ಹೋಗುತ್ತದೆ, ಆದರೆ ಅದೇ ಕಪ್ಲರಿನ ಪಿನ್ ಹಿಡಿದು. ಭಾವ ಬೇಸಿಗೆಯೆಲ್ಲ ನಾಲ್ಕರಲ್ಲೇ ಓಡಿಸಿದ್ದರಿಂದ ಪೂರ್ತಿ ಕರೆಂಟ್ ಆ ಪಿನ್ನಿನ ಮೇಲೆ ಬಿತ್ತು. ಪಿನ್ ಸ್ವಲ್ಪ ಸಡಿಲವಾದರೆ ಸಾಕು, ಅದು ಕಾಯುತ್ತದೆ. ಕಾದಷ್ಟೂ ಜಾಸ್ತಿ ಸಡಿಲವಾಗುತ್ತದೆ.

ಹಾಗಾಗಿ ರೆಸಿಸ್ಟರ್ ಒಂದನ್ನೇ ಬದಲಿಸಿದರೆ ಪ್ರಯೋಜನ ಇಲ್ಲ. ಸುಟ್ಟ ಕಪ್ಲರಿಗೇ ಹೊಸ ರೆಸಿಸ್ಟರ್ ಚುಚ್ಚಿದರೆ ಅದರ ಪಿನ್ನೂ ಸುಡುತ್ತದೆ. ಅಂಗಡಿಯಲ್ಲಿ ಹೊಸ ರೆಸಿಸ್ಟರಿನ ಜೊತೆ ವೈರ್ ಸಮೇತ ಕಪ್ಲರನ್ನೂ ಕೇಳಿ ತಂದೆ. ಬ್ಯಾಟರಿಯ ಮೈನಸ್ ತೆಗೆದು, ಸುಟ್ಟ ವೈರನ್ನು ತಾಮ್ರ ಹೊಳೆಯುವ ತನಕ ಹಿಂದಕ್ಕೆ ಕತ್ತರಿಸಿದೆ. ತಾಮ್ರ ಕಪ್ಪಗಿರುವ ಕಡೆ ಜಾಯಿಂಟ್ ಮಾಡಿದರೆ ನಿಲ್ಲುವುದಿಲ್ಲ. ಜಾಯಿಂಟಿಗೆ ಲೋಹದ ಸ್ಲೀವ್ ಹಾಕಿ ಒತ್ತಿ, ಮೇಲೆ ಹೀಟ್ ಶ್ರಿಂಕ್, ಅಂದರೆ ಬಿಸಿ ಮಾಡಿದರೆ ಬಿಗಿಯಾಗುವ ಕೊಳವೆ, ಏರಿಸಿದೆ. ಬರೀ ಇನ್ಸುಲೇಷನ್ ಟೇಪ್ ಆದರೆ ನಮ್ಮ ಬಿಸಿಲಿಗೆ ಅಂಟು ಕರಗಿ ಬಿಟ್ಟುಕೊಳ್ಳುತ್ತದೆ. ಬ್ಲೋವರ್ ಚಕ್ರದ ಧೂಳನ್ನು ಬ್ರಷ್ಷಿನಲ್ಲಿ ತೆಗೆದೆ, ನೀರು ಹಾಕಲಿಲ್ಲ.

ಎಲ್ಲ ಜೋಡಿಸಿ ನಾಲ್ಕರಲ್ಲಿ ಹತ್ತು ನಿಮಿಷ ಓಡಿಸಿ ಕಪ್ಲರ್ ಮುಟ್ಟಿ ನೋಡಿದೆ. ಉಗುರುಬೆಚ್ಚಗಿತ್ತು, ಅಷ್ಟು ಇರಬಹುದು. ಕೈ ಇಡಲು ಆಗದಷ್ಟು ಕಾದಿದ್ದರೆ ಮೋಟರಿನ ಬುಷ್ (ಅಚ್ಚು ತಿರುಗುವ ಬಳೆ) ಬಿಗಿಹಿಡಿದು ಜಾಸ್ತಿ ಕರೆಂಟ್ ಎಳೆಯುತ್ತಿದೆಯಾ ಅಂತ, ವೈರಿನ ಸುತ್ತ ಹಿಡಿಯುವ ಡಿಸಿ ಕ್ಲಾಂಪ್ ಮೀಟರಿನಲ್ಲಿ ಅಳೆಯಬೇಕಿತ್ತು. ಮೋಟರನ್ನು ಅದರ ಜಾಗದಲ್ಲೇ ಕೂರಿಸಿ ಅಳೆಯಬೇಕು. ಹೊರಗಿಟ್ಟು ತಿರುಗಿಸಿದರೆ ಲೆಕ್ಕ ಬೇರೆ ಬರುತ್ತದೆ.

ಆಟೋಮ್ಯಾಟಿಕ್ ಎಸಿ ಕಾರಿನಲ್ಲಿ ಈ ರೆಸಿಸ್ಟರ್ ಬದಲು ಎಲೆಕ್ಟ್ರಾನಿಕ್ ಮಾಡ್ಯೂಲ್ ಇರುತ್ತದೆ. ಅಲ್ಲಿ ಮೂರು ಹೋಗಿ ಒಂದು ಉಳಿಯುವ ಲಕ್ಷಣ ಕಾಣುವುದಿಲ್ಲ. ಸುಮ್ನೆ ವೈರ್ ಮುಟ್ಟಿಸಿ ನೋಡುವುದೂ ಬೇಡ.

ಭಾವನ ಕಾರಿಗೆ ಈಗ ಮಳೆಗಾಲಕ್ಕೆ ಮೊದಲು ಒಂದು, ದೀಪಾವಳಿ ಹೊತ್ತಿಗೆ ಒಂದು ಕ್ಯಾಬಿನ್ ಫಿಲ್ಟರ್ ಹಾಕುತ್ತೇನೆ. ಅದಿರು ಲಾರಿ ಹಿಂದೆ ಸಿಕ್ಕಿಕೊಂಡರೆ ಹೊರಗಿನ ಗಾಳಿ ಬಂದ್ ಮಾಡಿ, ಒಳಗಿನ ಗಾಳಿಯನ್ನೇ ತಿರುಗಿಸುವ ಬಟನ್ ಒತ್ತಲು ಹೇಳಿದ್ದೇನೆ. ಒಂದು, ಎರಡರಲ್ಲಿ ಯಾವುದಾದರೂ ನಿಂತ ದಿನವೇ ಫೋನ್ ಮಾಡಿ ಅಂತಲೂ ಹೇಳಿದ್ದೇನೆ.