ಬುಂಡೆಸ್ಟಾಗ್‌ನಲ್ಲಿ ಮತ ಬಿದ್ದ ಮಾತ್ರಕ್ಕೆ ಕಾನೂನಾಗಲಿಲ್ಲ

2025ರ ಜನವರಿ 29ರಂದು ಬರ್ಲಿನ್‌ನ ಬುಂಡೆಸ್ಟಾಗ್‌ನಲ್ಲಿ, ಅಂದರೆ ಜರ್ಮನಿಯ ಜನ ಆರಿಸಿದ ಸಂಸತ್ತಿನಲ್ಲಿ, ಆಶ್ರಯ ಕೋರಿ ಬರುವವರನ್ನು ಗಡಿಯಿಂದಲೇ ಹಿಂದಕ್ಕೆ ಕಳಿಸಬೇಕೆಂಬ ನಿರ್ಣಯ 348–344 ಮತಗಳಿಂದ ಗೆದ್ದಿತು. ಎದ್ದ ಗದ್ದಲ ನೋಡಿದರೆ ಕಾನೂನೇ ಬದಲಾಯಿತೇನೋ ಅನ್ನಿಸಬೇಕು. ಆದರೆ ಅದು ಬರೀ ನಿರ್ಣಯ, ಸರ್ಕಾರ ಪಾಲಿಸಲೇಬೇಕೆಂದಿಲ್ಲ. ಎರಡು ದಿನ ಬಿಟ್ಟು ವಲಸೆಗೆ ಮಿತಿ ಹಾಕುವ ಮಸೂದೆಯೇ ಮತಕ್ಕೆ ಬಂದಾಗ ಬಿದ್ದುಹೋಯಿತು. ಜರ್ಮನಿಯಲ್ಲಿರುವ ನಾವು ಸುದ್ದಿ ಓದುವಾಗ ಮೊದಲು ನೋಡಬೇಕಾದ್ದು, ಮತ ಬಿದ್ದದ್ದು ಯಾವುದಕ್ಕೆ ಅಂತ.

ಸರ್ಕಾರ ತರುವ ಮಸೂದೆ ಸಾಮಾನ್ಯವಾಗಿ ಮೊದಲು ರಾಜ್ಯಗಳ ಸಭೆಯಾದ ಬುಂಡೆಸ್‌ರಾಟ್‌ನ ಅಭಿಪ್ರಾಯಕ್ಕೆ ಹೋಗುತ್ತದೆ. ಆಮೇಲೆ ಬುಂಡೆಸ್ಟಾಗ್‌ನಲ್ಲಿ ಮೂರು ವಾಚನ. ಭಾಷಣಗಳು ಕ್ಯಾಮೆರಾಕ್ಕೆ, ಸಾಲು ಸಾಲು ತಿದ್ದುವ ಕೆಲಸ ಸಮಿತಿಯದು. ಅಲ್ಲಿಂದ ಮತ್ತೆ ಬುಂಡೆಸ್‌ರಾಟ್‌ಗೆ. ಇದನ್ನು ನಮ್ಮ ರಾಜ್ಯಸಭೆ ಅಂದುಕೊಂಡರೆ ಎಡವುತ್ತೀರಿ. ಇಲ್ಲಿ ಕೂರುವವರು 16 ರಾಜ್ಯಗಳ ಮುಖ್ಯಮಂತ್ರಿಗಳು, ಮಂತ್ರಿಗಳು. ಒಟ್ಟು 69 ಮತ, ಒಂದು ರಾಜ್ಯದ ಮತಗಳೆಲ್ಲ ಒಂದೇ ಕಡೆ ಬೀಳಬೇಕು.

2002ರ ಮಾರ್ಚ್ 22ರಂದು ವಲಸೆ ಕಾನೂನು ಸಿಕ್ಕಿಬಿದ್ದದ್ದು ಈ ನಿಯಮಕ್ಕೇ. ಬ್ರಾಂಡನ್‌ಬುರ್ಗ್‌ನಲ್ಲಿ ಆಗ ಸಮ್ಮಿಶ್ರ ಸರ್ಕಾರ. ರಾಜ್ಯದ ಹೆಸರು ಕೂಗಿದಾಗ ಒಬ್ಬ ಮಂತ್ರಿ ‘ಹೌದು’ ಅಂದರು, ಇನ್ನೊಬ್ಬರು ‘ಇಲ್ಲ’ ಅಂದರು. ಬುಂಡೆಸ್‌ರಾಟ್‌ನ ಅಧ್ಯಕ್ಷ ಪೀಠದಲ್ಲಿದ್ದ ಕ್ಲೌಸ್ ವೋವರೈಟ್ ಆ ರಾಜ್ಯದ ಮುಖ್ಯಮಂತ್ರಿ ಮಾನ್‌ಫ್ರೆಡ್ ಶ್ಟೋಲ್ಪೆಯವರನ್ನು ಕೇಳಿ, ಅವರ ‘ಹೌದು’ ಹಿಡಿದುಕೊಂಡು 4 ಮತಗಳನ್ನೂ ಮಸೂದೆಯ ಪರ ಎಣಿಸಿಬಿಟ್ಟರು. ಸಭೆಯಲ್ಲಿ ರಂಪ. ರಾಷ್ಟ್ರಪತಿ ಯೋಹಾನೆಸ್ ರೌ ಸಹಿ ಹಾಕಿದರು, ಜೊತೆಗೆ ರಾಜಕಾರಣಿಗಳನ್ನು ತರಾಟೆಗೂ ತೆಗೆದುಕೊಂಡರು. ಡಿಸೆಂಬರ್ 18ರಂದು ಸಂವಿಧಾನ ನ್ಯಾಯಾಲಯ ಕಾನೂನನ್ನೇ ಅನೂರ್ಜಿತ ಮಾಡಿತು. ಮತ್ತೆ ಚೌಕಾಸಿ ನಡೆದು, ಬೇರೆ ರೂಪದಲ್ಲಿ ಅದು ಜಾರಿಯಾಗುವಷ್ಟರಲ್ಲಿ 2005 ಬಂದಿತ್ತು.

ಎಲ್ಲ ಮಸೂದೆಗೂ ರಾಜ್ಯಗಳ ಒಪ್ಪಿಗೆ ಬೇಕಿಲ್ಲ. ಕೆಲವಕ್ಕೆ ಅವು ಆಕ್ಷೇಪಿಸಬಹುದು ಅಷ್ಟೆ. ಆಕ್ಷೇಪವನ್ನು ಬುಂಡೆಸ್ಟಾಗ್ ಬಹುಮತದಿಂದ ತಳ್ಳಿಹಾಕಬಹುದು. ಜಗಳ ಬಗೆಹರಿಯದಿದ್ದರೆ ಎರಡೂ ಸಭೆಗಳಿಂದ 16–16 ಜನರ ಸಂಧಾನ ಸಮಿತಿ ಇದೆ. ಆಶ್ರಯದ ಹಕ್ಕು ಮಾತ್ರ ಸಂವಿಧಾನದಲ್ಲೇ, 16ಎ ವಿಧಿಯಲ್ಲಿ, ಕೂತಿದೆ. ಅದನ್ನು ಮುಟ್ಟಲು ಎರಡೂ ಕಡೆ ಮೂರನೇ ಎರಡರಷ್ಟು ಮತ ಬೇಕು. 1993ರಲ್ಲಿ ಹಾಗೆಯೇ ಆ ಹಕ್ಕನ್ನು ಬಿಗಿಗೊಳಿಸಿದ್ದು.

ರಾಷ್ಟ್ರಪತಿಯ ಸಹಿಯಾದ ಮೇಲೆ ಕಾನೂನು ಬುಂಡೆಸ್‌ಗೆಸೆಟ್ಸ್‌ಬ್ಲಾಟ್ ಎಂಬ ಗೆಜೆಟ್‌ನಲ್ಲಿ ಬರಬೇಕು. 2023ರಿಂದ ಅದು ಆನ್‌ಲೈನ್‌ನಲ್ಲೇ ಪ್ರಕಟವಾಗುತ್ತದೆ. ಜಾರಿಯ ದಿನ ಬರೆದಿಲ್ಲದಿದ್ದರೆ ಪ್ರಕಟಣೆಯ ನಂತರದ 14ನೇ ದಿನ ಅಂತ ಲೆಕ್ಕ. ಈಗಾಗಲೇ ಅರ್ಜಿ ಹಾಕಿರುವವರು ಇನ್ನೊಂದನ್ನು ಹುಡುಕಬೇಕು: ಹಳೆಯ ಅರ್ಜಿಗಳಿಗೆ ಯಾವ ನಿಯಮ ಅನ್ನುವ ಕಲಮು ಸಾಮಾನ್ಯವಾಗಿ ಕೊನೆಯಲ್ಲಿ ಅಡಗಿ ಕೂತಿರುತ್ತದೆ.