ಅರ್ಲಿ ಆಕ್ಸೆಸ್ ಗೇಮ್ ಮಳೆಗಾಲದಲ್ಲಿ ಕೊಳ್ಳುವವರಿಗೆ

ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಅರ್ಲಿ ಆಕ್ಸೆಸ್ ಗೇಮ್, ಅಂದರೆ ಇನ್ನೂ ಪೂರ್ತಿಯಾಗದೆಯೇ ಮಾರಾಟಕ್ಕಿಟ್ಟ ಗೇಮ್ ಕೊಳ್ಳುವ ಮೊದಲು ಕೊನೆಯ ಅಪ್‌ಡೇಟ್ ಯಾವ ತಿಂಗಳದ್ದು ನೋಡಿ. ಆಮೇಲೆ ನೆಟ್ ಗಟ್ಟಿಯಿರುವ ದಿನವೇ ದುಡ್ಡು ಕೊಟ್ಟು, ಎರಡು ಗಂಟೆ ಆಡುವುದರೊಳಗೆ ಬೇಕೋ ಬೇಡವೋ ತೀರ್ಮಾನಿಸಿ. ರೀಫಂಡ್ ಬೇಕಾದರೆ ಕೊಂಡು 14 ದಿನ ದಾಟಿರಬಾರದು, ಆಡಿದ್ದು 2 ಗಂಟೆಯೊಳಗಿರಬೇಕು. ಡೌನ್‌ಲೋಡ್ ಹೊತ್ತು ಆಟದ ಲೆಕ್ಕಕ್ಕಿಲ್ಲ, ಆದರೆ ದಿನದ ಎಣಿಕೆ ಕೊಂಡ ಕೂಡಲೇ ಶುರು. ಜೂನ್ ಕೊನೆಯ ಸ್ಟೀಮ್ ಸಮ್ಮರ್ ಸೇಲ್, ಅಂದರೆ ರಿಯಾಯಿತಿ ಮಾರಾಟ, ನಮಗೆ ಸರಿಯಾಗಿ ಮಳೆಗೇ ಬರುತ್ತದೆ. ಶಿರಸಿ, ಸಿದ್ದಾಪುರದ ಹಳ್ಳಿಗಳಲ್ಲಿ ಕರೆಂಟು, ನೆಟ್ಟು ಎರಡೂ ಹೋಗಿ ಕೂತರೆ ಗೇಮ್ ಇಳಿಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಅಂಥ ಊರಿನವರು ಕಾರವಾರಕ್ಕೋ ಶಿರಸಿ ಪೇಟೆಗೋ ಲ್ಯಾಪ್‌ಟಾಪ್ ಒಯ್ದು, ಅಲ್ಲೇ ಕೊಂಡು ಇಳಿಸಿಕೊಳ್ಳುವುದೇ ವಾಸಿ. ಆದರೆ ತನ್ನದೇ ಲಾಂಚರ್ (ಗೇಮ್ ಶುರುಮಾಡುವ ಬೇರೆ ಪ್ರೋಗ್ರಾಂ) ತೆರೆದು ಅದರೊಳಗೆ ಫೈಲ್ ಇಳಿಸುವ ಗೇಮ್‌ಗಳಲ್ಲಿ ಡೌನ್‌ಲೋಡ್ ಹೊತ್ತೂ ಆಡಿದ್ದೆಂದೇ ದಾಖಲಾಗುತ್ತದೆ. ಬೇರೆ ಕಡೆ ಕೊಂಡ ಕೀಗೆ (ಗೇಮ್ ತೆರೆಯುವ ಕೋಡ್‌ಗೆ) ಸ್ಟೀಮ್ ದುಡ್ಡು ಮರಳಿಸುವುದಿಲ್ಲ. ಮುಂದೆ ಸೇರಿಸುತ್ತೇವೆಂದ ಭಾಗವನ್ನು ನಂಬಿ ಮಾತ್ರ ಕೊಳ್ಳಬೇಡಿ: ಬಾಲ್ಡರ್ಸ್ ಗೇಟ್ 3 ಎಂಬ ಗೇಮ್ ಕೂಡ 2020ರ ಅಕ್ಟೋಬರ್‌ನಲ್ಲಿ ಮಾರಾಟಕ್ಕೆ ಬಂದು ಪೂರ್ತಿಯಾಗಿದ್ದು 2023ರ ಆಗಸ್ಟ್‌ನಲ್ಲಿ. ಇವತ್ತು ಇರುವಷ್ಟಕ್ಕೇ ಆ ಬೆಲೆ ಸರಿ ಅನಿಸಿದರೆ ಕೊಳ್ಳಿ.